ಶ್ಯಾನುಭೋಗರ ಕಿರ್ದಿಯಲ್ಲಿ ಬಾಬ್ ಡಿಲನ್

1993ರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ತನ್ನದೊಂದು ಆಲ್ಬಮ್ಮಿನ ಒಳಪುಟದಲ್ಲಿ ತಾನೇ ಬರೆದು ತಿಳಿಸಿದ: ನೀವೆಲ್ಲ ‘ನೆವರ್ ಎಂಡಿಂಗ್ ಟೂರ್’ ಎನ್ನುತ್ತಿರುವ ಆ ಮುಗಿಯದ ಪ್ರವಾಸ ಯಾವತ್ತೋ ಮುಗಿದಿದೆ, ಗಿಟಾರಿನ ಜಿ.ಇ. ಸ್ಮಿತ್ ಬಿಟ್ಟು ಹೋದಾಗ, 1991ರಲ್ಲೇ. ಆಮೇಲಿನವೆಲ್ಲ ಬೇರೆ ಪ್ರವಾಸಗಳು, ಒಂದೊಂದಕ್ಕೂ ಒಂದೊಂದು ಹೆಸರಿದೆ ಎಂದು ಪಟ್ಟಿಯನ್ನೂ ಕೊಟ್ಟ. ಅದರಲ್ಲಿ ಒಂದು ‘ದುಡ್ಡು ಖಾಲಿಯಾಗದ ಪ್ರವಾಸ’, ಇನ್ನೊಂದು ‘ನನ್ನನ್ನೇಕೆ ಹಾಗೆ ವಿಚಿತ್ರವಾಗಿ ನೋಡ್ತೀರಿ ಪ್ರವಾಸ’.

ಹಾಡುವವನೇ ಹೇಳಿದ ಮೇಲೆ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಅಭಿಮಾನಿಗಳು ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು, ತಪ್ಪು ಹಿಡಿದರು. ಸ್ಮಿತ್ ಬಿಟ್ಟದ್ದು 1991ರಲ್ಲಲ್ಲ, 1990ರ ಅಕ್ಟೋಬರಿನಲ್ಲಿ. ತನ್ನ ಪ್ರವಾಸ ಎಂದು ಮುಗಿಯಿತೆಂದು ತನಗೇ ಗೊತ್ತಿಲ್ಲದವನ ಮಾತು ಯಾವ ಲೆಕ್ಕ? ‘ಪ್ರವಾಸ ಚಾಲ್ತಿಯಲ್ಲಿದೆ’ ಎಂದು ಷರಾ ಬರೆದು ಎಣಿಕೆ ಮುಂದುವರಿಸಿದರು.

ಆ ಎಣಿಕೆ ಶುರುವಾದದ್ದು 1988ರ ಜೂನ್ 7ರಂದು, ಕ್ಯಾಲಿಫೋರ್ನಿಯಾದ ಕಾಂಕರ್ಡಿನಲ್ಲಿ. ಆ ವರ್ಷ 71 ಕಛೇರಿ. 2007ರ ಅಕ್ಟೋಬರಿನಲ್ಲಿ ಓಹಾಯೋದ ಡೇಟನ್ನಿನಲ್ಲಿ 2000ನೆಯದು. 2019ರ ಏಪ್ರಿಲ್ 19ರಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 3000ನೆಯದು. ಇಷ್ಟರಲ್ಲಿ ಆತನಿಗೆ 78 ತುಂಬಲು ಬಂದಿತ್ತು. ಯಾವ ಊರು, ಎಷ್ಟನೆಯ ಕಛೇರಿ ಎಂಬ ಚಿಂತೆ ವೇದಿಕೆಯ ಮೇಲಿದ್ದವನಿಗೆ ಇದ್ದಂತಿರಲಿಲ್ಲ. ಕೆಳಗಿದ್ದವರಿಗೆ ಇತ್ತು.

ಹಳೇ ಮೈಸೂರಿನ ಶ್ಯಾನುಭೋಗರ ಕಥೆ ಕೇಳಿದವರಿಗೆ ಈ ತಳಿ ಹೊಸದಲ್ಲ. ಹೊಲದಲ್ಲಿ ರಾಗಿ ಎದೆಮಟ್ಟ ನಿಂತಿದೆಯೋ ಸೀದುಹೋಗಿದೆಯೋ ಅದು ರೈತನ ಪಾಡು, ಪಹಣಿಯಲ್ಲಿ ಏನು ಬರೆದಿದೆಯೋ ಅದೇ ಬೆಳೆ. ಡಿಲನ್ನನ ಶ್ಯಾನುಭೋಗರೂ ಹಾಗೇ. ಒಂದು ಹಾಡು ಶುರುವಾದರೆ ಅದು ಎಷ್ಟನೆಯ ಸಲ, ಹಿಂದಿನ ಸಲ ಯಾವ ಊರು, ನಡುವೆ ಎಷ್ಟು ವರ್ಷದ ಅಂತರ, ಈ ಮೂರು ಅಂಕಣ ಭರ್ತಿಯಾಗುವಷ್ಟರಲ್ಲಿ ಎರಡು ಚರಣ ಹೋಗಿರುತ್ತದೆ. ಕಾಂಕರ್ಡಿನ ಮೊದಲ ರಾತ್ರಿ ಆತ ಬಾಯಿ ತೆರೆದದ್ದೇ 1965ರ ಒಂದು ಹಾಡಿನಿಂದ, ಅಲ್ಲಿಯವರೆಗೆ 23 ವರ್ಷ ವೇದಿಕೆಯಲ್ಲಿ ಒಮ್ಮೆಯೂ ಹಾಡದ ಹಾಡು. ಅಂಥ ಫಸಲಿಗೆ ಕಿರ್ದಿಯಲ್ಲಿ ಕೆಂಪು ಶಾಯಿ. ‘ಆಲ್ ಅಲಾಂಗ್ ದ ವಾಚ್‌ಟವರ್’ 2000 ಸಲ ದಾಟಿದೆ; ಅದರ ಮೊದಲ ಸ್ವರ ಕೇಳಿದರೆ ಶ್ಯಾನುಭೋಗರು ಬಿಯರಿನ ಸಾಲಿಗೆ ಎದ್ದು ಹೋಗುತ್ತಾರೆ.

2014ರ ನವೆಂಬರಿನಲ್ಲಿ ಒಂದು ಪೇಚು ಬಂತು. ಫಿಲಡೆಲ್ಫಿಯಾದ ಅಕಾಡೆಮಿ ಆಫ್ ಮ್ಯೂಸಿಕ್ ಸಭಾಂಗಣದಲ್ಲಿ ಸ್ವೀಡನ್ನಿನ ಟಿ.ವಿ. ಕಾರ್ಯಕ್ರಮವೊಂದಕ್ಕಾಗಿ ಡಿಲನ್ ಮತ್ತು ಪೂರ್ತಿ ತಂಡ ಒಬ್ಬನೇ ಒಬ್ಬ ಪ್ರೇಕ್ಷಕನಿಗೆ ಹಾಡಿದರು. ಸಾವಿರಾರು ಕುರ್ಚಿ, ಒಂದು ಚಪ್ಪಾಳೆ. ಹಾಡಿದ್ದು ಬೇರೆಯವರ ಹಳೆಯ ಹಾಡುಗಳನ್ನು. ಇದಕ್ಕೆ ಕ್ರಮಸಂಖ್ಯೆ ಕೊಡಬೇಕೇ ಬೇಡವೇ? ಕೊಟ್ಟರೆ ಆಮೇಲಿನದೆಲ್ಲ ಒಂದೊಂದು ಅಂಕಿ ಮುಂದೆ ಜರುಗುತ್ತದೆ. ಕೊಡದಿದ್ದರೆ ನಡೆದ ಕಛೇರಿ ನಡೆದೇ ಇಲ್ಲ ಎಂದಾಗುತ್ತದೆ. ಕಂದಾಯ ಇಲಾಖೆಯಲ್ಲಿ ಇಂಥದ್ದಕ್ಕೆ ‘ಖರಾಬು’ ಎಂಬ ಪದವಿದೆ: ಜಮೀನು ಇದೆ, ಹಿಡುವಳಿಗೆ ಸೇರುವುದಿಲ್ಲ.

ಇನ್ನು ಯಾವ ವರ್ಷ ಶ್ರೇಷ್ಠ ಎಂಬ ವ್ಯಾಜ್ಯ. ಇದಕ್ಕೊಂದು ಸರಳ ಸೂತ್ರ: ನೀವು ಮೊದಲ ಟಿಕೆಟ್ ಕೊಂಡ ವರ್ಷದ ಹಿಂದಿನ ಪ್ರವಾಸವೇ ಶ್ರೇಷ್ಠ. 1974ರಲ್ಲಿ ‘ದ ಬ್ಯಾಂಡ್’ ಎಂಬ ತಂಡದ ಜೊತೆ ಆತ ಷಿಕಾಗೋದಿಂದ ಲಾಸ್ ಏಂಜಲಿಸ್‌ವರೆಗೆ ಆರು ವಾರದಲ್ಲಿ 40 ಕಛೇರಿ ಕೊಟ್ಟದ್ದನ್ನು ಕಂಡವರು 1966 ಎನ್ನುತ್ತಾರೆ. 1978 ಕಂಡವರಿಗೆ 1975ರ ‘ರೋಲಿಂಗ್ ಥಂಡರ್’ ಪ್ರವಾಸ. ಟೋಕಿಯೋದ ಬುಡೋಕಾನ್‌ನಲ್ಲಿ ಶುರುವಾದ ಆ 1978ರ ಪ್ರವಾಸವೋ, ಕೊಳಲು, ಸ್ಯಾಕ್ಸೊಫೋನು, ಹಿಮ್ಮೇಳದ ಹೆಂಗಸರು ಎಲ್ಲ ಸೇರಿ ಕ್ಯಾಸಿನೋ ಮನರಂಜನೆಯಂತಿದೆ ಎಂದು ಆಗ ಬೈಸಿಕೊಂಡದ್ದು. 2023ರಲ್ಲಿ ಬುಡೋಕಾನಿನ ಎರಡು ಪೂರ್ತಿ ಕಛೇರಿಗಳು ಸಿ.ಡಿ. ಪೆಟ್ಟಿಗೆಯಲ್ಲಿ ಬಂದಾಗ ಬೈದವರೇ ಸಾಲುಗಟ್ಟಿದರು.

1979ರದು ಇನ್ನೂ ಸ್ವಾರಸ್ಯ. ಆಗಷ್ಟೇ ಕ್ರೈಸ್ತ ಭಕ್ತಿಯ ಹೊಸ ಹುರುಪಿನಲ್ಲಿದ್ದ ಡಿಲನ್ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಿನಲ್ಲಿ 14 ರಾತ್ರಿ ಹಾಡಿದ, ಹಳೆಯದು ಒಂದೂ ಇಲ್ಲ, ಬರೀ ದೇವರನಾಮ. ಜನ ಕೂಗಿದರು, ಟಿಕೆಟ್ ದುಡ್ಡು ವಾಪಸ್ ಎಂದರು. 2017ರಲ್ಲಿ ಅದರ ಪೆಟ್ಟಿಗೆ ಹೊರಬಂದಾಗ ಇಂಥ ಬಿಗಿಯಾದ ತಂಡ ಆತನಿಗೆ ಮತ್ತೆ ಸಿಗಲೇ ಇಲ್ಲ ಎಂಬ ತೀರ್ಮಾನವಾಯಿತು. ಕೂಗು ಪ್ರಶಂಸೆಯಾಗಿ ತಿರುಗಲು 38 ವರ್ಷ. ಹಾಗಾಗಿ ಇವತ್ತು ಚೆನ್ನಾಗಿಲ್ಲ ಎನಿಸಿದ ಕಛೇರಿಯನ್ನು ಬೈಯುವ ಮುನ್ನ ಕ್ಯಾಲೆಂಡರ್ ನೋಡಿಕೊಳ್ಳುವುದು ಜಾಣತನ.

ಅಪವಾದ 1991. ಅದರ ಬಗ್ಗೆ ಮಾತ್ರ ಒಮ್ಮತ. ಫೆಬ್ರುವರಿಯಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ 8 ರಾತ್ರಿ. ಯಾವ ಹಾಡೆಂದು ಜನ ಗುರುತಿಸುವಷ್ಟರಲ್ಲಿ ಹಾಡು ಮುಗಿಯುತ್ತಿತ್ತು. ಇಲ್ಲೂ ಒಬ್ಬ ಎದ್ದು ನಿಲ್ಲುತ್ತಾನೆ, ‘ಅದೇ ಅದರ ಸೊಗಸು’ ಎನ್ನಲು. ಯಕ್ಷಗಾನದ ಮೇಳದಲ್ಲಿ ಭಾಗವತರ ಗಂಟಲು ಕಟ್ಟಿದ ರಾತ್ರಿಯನ್ನೇ ಹೊಗಳುವ ಒಬ್ಬರು ಎಲ್ಲ ಊರಿನಲ್ಲೂ ಇರುತ್ತಾರಲ್ಲ, ಅವರೇ ಇವರು. ಕಾಯಿಲೆಯ ಕೋಟಾದಲ್ಲಿ ನಿಜಕ್ಕೂ ಮೇಲೆ ಬಂದದ್ದು 1995ರ ಮಾರ್ಚ್ 11, ಪ್ರಾಗ್. ಫ್ಲೂ ಜ್ವರದಲ್ಲಿದ್ದ ಡಿಲನ್ ಗಿಟಾರ್ ಹೊರಲಾರದೆ ಬರೀ ಮೈಕ್ ಕೈಯಲ್ಲಿ ಹಿಡಿದು, ಹಾರ್ಮೋನಿಕಾ ಊದುತ್ತ ಹಾಡಿದ. ಆ ರಾತ್ರಿ ಎಲ್ಲ ಪಟ್ಟಿಗಳ ತುದಿಯಲ್ಲಿದೆ. ಅಂದಿನಿಂದ ಆತ ಕೆಮ್ಮಿದರೆ ಸಭಾಂಗಣದಲ್ಲಿ ಒಂದು ಆಸೆ ಮೂಡುತ್ತದೆ.

ಮ್ಯಾಂಚೆಸ್ಟರ್ ಪ್ರಕರಣವನ್ನು ಬಿಟ್ಟರೆ ಶಾಪ ತಟ್ಟೀತು. 1966ರ ಮೇ 17ರಂದು ಅಲ್ಲಿನ ಫ್ರೀ ಟ್ರೇಡ್ ಹಾಲ್‌ನಲ್ಲಿ, ಜಾನಪದದವನು ವಿದ್ಯುತ್ ಗಿಟಾರ್ ಹಿಡಿದನಲ್ಲ ಎಂಬ ಸಂಕಟಕ್ಕೆ ಒಬ್ಬ ಏಸುವಿಗೆ ದ್ರೋಹ ಬಗೆದವನ ಹೆಸರು ಹಿಡಿದು ‘ಜೂಡಾಸ್!’ ಎಂದು ಕೂಗಿದ. ಆ ರಾತ್ರಿಯ ಕಳ್ಳ ಧ್ವನಿಮುದ್ರಿಕೆ ವರ್ಷಗಟ್ಟಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನದು ಎಂಬ ತಪ್ಪು ಚೀಟಿ ಹೊತ್ತು ಕೈಯಿಂದ ಕೈಗೆ ಓಡಾಡಿತು. ಜನ ಅದನ್ನು ಕೇಳಿ ಆಲ್ಬರ್ಟ್ ಹಾಲಿನ ಪ್ರತಿಧ್ವನಿಯೇ ಬೇರೆ ಎಂದು ತಲೆದೂಗಿದರು. 1998ರಲ್ಲಿ ಧ್ವನಿಮುದ್ರಿಕೆ ಕಂಪನಿಯೇ ಅಧಿಕೃತವಾಗಿ ತಂದಾಗ ತಪ್ಪನ್ನು ತಿದ್ದಲಿಲ್ಲ, ಆ ತಪ್ಪು ಹೆಸರಿಗೇ ಉದ್ಧರಣ ಚಿಹ್ನೆ ಹಾಕಿತು. 2016ರಲ್ಲಿ ಮೇ 26ರ ನಿಜವಾದ ಆಲ್ಬರ್ಟ್ ಹಾಲ್ ಕಛೇರಿ ಬಂತು, ಹೆಸರಿನಲ್ಲೇ ‘ನಿಜವಾದ’ ಎಂದು ಸೇರಿಸಿಕೊಂಡು. ಹೋಟೆಲ್ ಬೋರ್ಡಿನಲ್ಲಿ ‘ಒರಿಜಿನಲ್’ ಎಂದು ಬರೆಸುತ್ತಾರಲ್ಲ, ಹಾಗೆ. ಕೂಗಿದವನು ಯಾರೆಂಬ ತಗಾದೆ ಬೇರೆ. ನಾನೇ, ನಾನೇ ಎಂದು ಇಬ್ಬರು ಹಕ್ಕು ಮಂಡಿಸಿದರು. ಬೈದದ್ದಕ್ಕೂ ಪಟ್ಟೇದಾರಿಕೆ.

ಅದೇ 2016ರಲ್ಲಿ 1966ರದು 36 ಸಿ.ಡಿ.ಗಳ ಪೆಟ್ಟಿಗೆಯಾಗಿ ಬಂತು. 1974ರದು 2024ರಲ್ಲಿ 27 ಸಿ.ಡಿ., 431 ಹಾಡು. ಇದು ಅಭಿಮಾನಿಗಳ ಮೇಲಿನ ಪ್ರೀತಿಗೆ ಎಂದುಕೊಂಡರೆ ಅದು ಅವರ ಮುಗ್ಧತೆ. ಯುರೋಪಿನ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿದರು, ಆದರೆ 50 ವರ್ಷದೊಳಗೆ ಪ್ರಕಟಿಸಿದ್ದಕ್ಕೆ ಮಾತ್ರ. ಪ್ರಕಟಿಸದಿದ್ದರೆ ಯಾರು ಬೇಕಾದರೂ ಮಾರಬಹುದು. ಅದಕ್ಕೇ ಕಂಪನಿ ಗಡುವಿನ ಒಳಗೆ ಗುಡಿಸಿ ಹಾಕುತ್ತದೆ. 2012ರಲ್ಲಿ ಮೊದಲ ಕಂತನ್ನು ಬರೀ 100 ಪ್ರತಿ ಅಚ್ಚು ಹಾಕಿ ಶಾಸ್ತ್ರ ಮುಗಿಸಿತ್ತು. ವಕೀಲರು ಉಳಿಸಿಕೊಂಡ ಆಸ್ತಿಪತ್ರವನ್ನು ಅಭಿಮಾನಿ ಹಾಡೆಂದು ಕೇಳುತ್ತಾನೆ. ಒಂದೇ ಹಾಡಿನ ಇಪ್ಪತ್ತೈದು ಆವೃತ್ತಿಗಳನ್ನು ಸಾಲಾಗಿ ಕೇಳಿ, ಜನವರಿ 31ರ ಮಧ್ಯಾಹ್ನದ ಆಟಕ್ಕೂ ರಾತ್ರಿಯ ಆಟಕ್ಕೂ ಅಜಗಜಾಂತರ ಎಂದು ಬರೆಯುತ್ತಾನೆ. ನಾಲ್ಕನೆಯ ಸಿ.ಡಿ.ಯ ಹೊತ್ತಿಗೆ ಹೆಂಡತಿ ತವರಿಗೆ ಹೋಗಿರುತ್ತಾಳೆ.

ಈ ಅಧಿಕೃತ ಪೆಟ್ಟಿಗೆಗಳೆಲ್ಲ ಸಾಮಾನ್ಯರಿಗೆ. ಮಡಿವಂತರ ಲೋಕ ಬೇರೆ, ಅದು ಸಭಿಕರೇ ಕದ್ದು ಮಾಡಿಕೊಂಡ ಮುದ್ರಣಗಳದು. ಅಲ್ಲಿ ಯಾವ ಟೇಪನ್ನೂ ಪ್ರವರ ಹೇಳದೆ ಒಳಗೆ ಬಿಡುವುದಿಲ್ಲ. ನಕಾಮಿಚಿ ಮೈಕು, ಅದರಿಂದ ಸೋನಿ ಡಿ6 ಯಂತ್ರದಲ್ಲಿ ಮೂಲ ಕ್ಯಾಸೆಟ್, ಅದರಿಂದ ಡ್ಯಾಟ್ ಎಂಬ ಡಿಜಿಟಲ್ ಟೇಪು, ಅದರಿಂದ ಸಿ.ಡಿ., ಅದರಿಂದ ಏನನ್ನೂ ಬಿಸಾಡದ ಫ್ಲ್ಯಾಕ್ ಕಡತ, ಅಹಮಸ್ಮಿ ಭೋಃ! ನಡುವೆ ಮೂರು ಕ್ಯಾಸೆಟ್ ತಲೆಮಾರಿದ್ದರೆ ತ್ರಯಾರ್ಷೇಯ. ದಾರಿಯಲ್ಲಿ ಒಮ್ಮೆ ಎಂಪಿ3ಯ ಸೋಂಕು ತಗಲಿದ್ದರೆ ಮೈಲಿಗೆ. ಮತ್ತೆ ಫ್ಲ್ಯಾಕ್ ಮಾಡಿದರೂ ಶುದ್ಧಿಯಾಗದು, ಏಕೆಂದರೆ ಎಂಪಿ3 ಬಿಸಾಡಿದ ಮಾಹಿತಿ ವಾಪಸು ಬರುವುದಿಲ್ಲ.

ಇದರಲ್ಲಿ ಅರ್ಥವಿಲ್ಲದೆ ಇಲ್ಲ. ಕ್ಯಾಸೆಟ್ಟಿನಿಂದ ಅಂಥದೇ ಕ್ಯಾಸೆಟ್ಟಿಗೆ ಒಂದು ಸಲ ನಕಲಿಳಿಸಿದರೆ ‘ಸ್ಸ್’ ಎಂಬ ಟೇಪಿನ ಸದ್ದಿನ ಶಕ್ತಿ ದುಪ್ಪಟ್ಟು, ಅಂದರೆ 3 ಡೆಸಿಬೆಲ್ ಮೇಲೆ. ಮೂಲದಿಂದ ಮೂರನೆಯ ನಕಲಿನಲ್ಲಿ 6 ಡೆಸಿಬೆಲ್. ಆ ಸದ್ದನ್ನು ತಗ್ಗಿಸುವ ಡಾಲ್ಬಿ ಗುಂಡಿ ಒತ್ತಿ ಮುದ್ರಿಸಿದ್ದನ್ನು ಒತ್ತದೆ ಕೇಳಿದರೆ ತಾರಸ್ವರಗಳು ಕಿವಿ ಕೊರೆಯುತ್ತವೆ, ಒತ್ತದೆ ಮುದ್ರಿಸಿದ್ದನ್ನು ಒತ್ತಿ ಕೇಳಿದರೆ ಕಂಬಳಿ ಹೊದ್ದು ಹಾಡಿದಂತಿರುತ್ತದೆ. ಸಿ-120 ಕ್ಯಾಸೆಟ್ಟಿನ ಟೇಪು ತೆಳು, ಸುತ್ತಿಕೊಂಡು ಹರಿಯುತ್ತದೆ. ಸಿ-90 ಗಟ್ಟಿ, ಆದರೆ 45 ನಿಮಿಷಕ್ಕೆ ತಿರುವಿ ಹಾಕಬೇಕು. ತಿರುವುವ ಆ ಹತ್ತು ಸೆಕೆಂಡಿನಲ್ಲಿ ಏನು ಹಾಡಿದನೋ ಅದೇ ಆ ರಾತ್ರಿಯ ಅತ್ಯುತ್ತಮ ಭಾಗ ಎಂಬುದು ಎಲ್ಲ ಪಂಥಗಳೂ ಒಪ್ಪಿದ ಸಿದ್ಧಾಂತ.

ಆದರೆ ನಿಜವಾದ ನಾಟಕ ಬ್ಯಾಟರಿಯದು. ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಒಳ್ಳೆಯ ಯಂತ್ರವಾದರೆ ಸ್ಫಟಿಕದ ಗಡಿಯಾರ ವೇಗವನ್ನು ಹಿಡಿದಿಡುತ್ತದೆ. ಅಗ್ಗದ ಯಂತ್ರದಲ್ಲಿ ಬ್ಯಾಟರಿ ಸೋತಂತೆ ಮೋಟಾರೂ ಸೋಲುತ್ತದೆ. ಕಛೇರಿಯ ಕೊನೆಗೆ ವೇಗ 4.5ಕ್ಕೆ ಇಳಿದಿದೆ ಎನ್ನಿ. ಮನೆಗೆ ಬಂದು ಸರಿಯಾದ ವೇಗದಲ್ಲಿ ಹಾಕಿದಾಗ ಹಾಡು ಹೆಚ್ಚುಕಡಿಮೆ ಒಂದು ಸೆಮಿಟೋನ್, ಅಂದರೆ ಅರ್ಧ ಸ್ವರ, ಮೇಲೇರಿ ಕೇಳುತ್ತದೆ, 5 ನಿಮಿಷದ ಹಾಡು 16 ಸೆಕೆಂಡ್ ಮುಂಚೆ ಮುಗಿಯುತ್ತದೆ. ಇದನ್ನು ಕೇಳಿದ ವಿಮರ್ಶಕ ಏನು ಬರೆಯುತ್ತಾನೆ? ‘ಮೊದಲರ್ಧದಲ್ಲಿ ದಣಿದಂತಿದ್ದ ಗಾಯಕ ಹೋಗಹೋಗುತ್ತ ಕಾವೇರಿ, ಕೊನೆಯ ಹಾಡುಗಳಲ್ಲಿ ತಾರುಣ್ಯ ಮರುಕಳಿಸಿತು.’ ಅದು ಎರಡು ಪೆನ್ಸಿಲ್ ಸೆಲ್ಲಿನ ಸಾವು ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಪತ್ತೆ ಮಾಡಲು ದಾರಿ ಇದೆ. ಗಿಟಾರಿನ ತಂತಿಯನ್ನು ಹೇಗೆ ಬೇಕಾದರೂ ಬಿಗಿಯಬಹುದು, ಹಾರ್ಮೋನಿಕಾದ ಹಿತ್ತಾಳೆ ನಾಲಿಗೆಗಳನ್ನು ವೇದಿಕೆಯ ಮೇಲೆ ತಿರುವಲು ಬರುವುದಿಲ್ಲ. ಹಾಗಾಗಿ ಡಿಲನ್ ಊದಿದ ಜಾಗ ಹುಡುಕಿ, ಅದೇ ಶ್ರುತಿಯ ಹಾರ್ಮೋನಿಕಾ ಮನೆಯಲ್ಲಿ ಊದಿ, ಎರಡೂ ಕೂಡುವವರೆಗೆ ಟೇಪಿನ ವೇಗ ತಿದ್ದಬೇಕು. ಮುದ್ರಣದಲ್ಲಿ ವಿದ್ಯುತ್ತಿನ ಗುಂಯ್ ಸದ್ದು ಸೇರಿದ್ದರೆ ಇನ್ನೂ ಸುಲಭ. ಅಮೆರಿಕದಲ್ಲಿ ಅದು 60 ಹರ್ಟ್ಜ್, ಯುರೋಪಿನಲ್ಲಿ 50. ಪ್ಯಾರಿಸ್ಸಿನ ಟೇಪಿನಲ್ಲಿ 52 ಬಂದರೆ ವೇಗ ನೂರಕ್ಕೆ ನಾಲ್ಕು ಹೆಚ್ಚು. ಇಷ್ಟಕ್ಕೇ ಶಾಂತಿಯಾದೀತೆಂದು ತಿಳಿಯಬೇಡಿ. ಹಾರ್ಮೋನಿಕಾ ತಯಾರಕರು ಸಾಮಾನ್ಯವಾಗಿ ಶ್ರುತಿಯ ಅಳತೆಗೋಲಾದ 440ರ ಬದಲು ಒಂದೆರಡು ಹರ್ಟ್ಜ್ ಮೇಲೆಯೇ ಶ್ರುತಿ ಕೂಡಿಸುತ್ತಾರೆ. 440 ಪಂಥದವರೂ 442 ಪಂಥದವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ.

ವೇದಿಕೆಯ ಧ್ವನಿ ನಿಯಂತ್ರಣದ ಹಲಗೆಯಿಂದ ನೇರ ಇಳಿಸಿಕೊಂಡ ‘ಸೌಂಡ್‌ಬೋರ್ಡ್’ ಸಿಕ್ಕರಂತೂ ತೀರ್ಥ ಸಿಕ್ಕಂತೆ. ಅದೂ ಪೂರ್ತಿ ಸತ್ಯವಲ್ಲ. ಸಣ್ಣ ಸಭಾಂಗಣದಲ್ಲಿ ಗಿಟಾರಿನ ಆಂಪ್ಲಿಫೈಯರ್ ತನ್ನಷ್ಟಕ್ಕೇ ಅಬ್ಬರಿಸುವುದರಿಂದ ಹಲಗೆಯಲ್ಲಿ ಅದನ್ನು ಹೆಚ್ಚು ಏರಿಸಿರುವುದಿಲ್ಲ. ಟೇಪಿನಲ್ಲಿ ಗಾಯಕನ ಕಂಠ ಮೂಗಿನ ಮುಂದೆ, ಗಿಟಾರು ಪಕ್ಕದ ಬೀದಿಯಲ್ಲಿ. ಅಲ್ಲಿ ಕೂತಿದ್ದ ಒಬ್ಬನೂ ಕೇಳದ ಕಛೇರಿ ಅದು, ಅದಕ್ಕೇ ಅದಕ್ಕೆ ಹೆಚ್ಚು ಬೆಲೆ.

ಹಾಗೆಂದು ಕೂತವರು ಕೇಳಿದರೇ? ಬೆಳಗಿನಿಂದ ಸರದಿ ನಿಂತು, ಗೇಟು ತೆರೆದೊಡನೆ ಓಡಿ, ವೇದಿಕೆಯ ಮುಂದಿನ ಕಂಬಿ ಹಿಡಿದುಕೊಳ್ಳುವ ಪರಮಭಕ್ತರಿದ್ದಾರೆ. ಮುಖ್ಯ ಸ್ಪೀಕರುಗಳು ಎರಡೂ ಪಕ್ಕ ಎತ್ತರದಲ್ಲಿ ತೂಗುತ್ತಿರುತ್ತವೆ, ಮುಖ ಹಿಂದಿನ ಸಾಲುಗಳ ಕಡೆಗೆ. ಹಾಡಿನ ಮಾತು ಕಂಬಿಯವರ ತಲೆಯ ಮೇಲಿಂದ ಹಾರಿಹೋಗುತ್ತದೆ. ಅವರ ಪಾಲಿಗೆ ಡ್ರಮ್ಮಿನ ಹಸಿ ಪೆಟ್ಟು ಮತ್ತು ಆಂಪ್ಲಿಫೈಯರಿನ ಗುಡುಗು. ಸಭಾಂಗಣದ ನಡುವೆ, ಧ್ವನಿ ನಿಯಂತ್ರಣದ ಮೇಜಿನ ಆಸುಪಾಸಿನಲ್ಲಿ, ಯಾರೋ ಕೊಟ್ಟ ಪಾಸಿನಲ್ಲಿ ಬಂದು ಆಕಳಿಸುತ್ತಿದ್ದವನಿಗೆ ಎಲ್ಲವೂ ಸ್ಪಷ್ಟವಾಗಿ ಕೇಳಿರುತ್ತದೆ. ಮರುದಿನ ವರದಿ ಬರೆಯುವವರು ಕಂಬಿಯವರು.

ವರದಿಯ ಪರಿಭಾಷೆಯೂ ಕಲಿಯಬೇಕು. ಸಾಲಿನ ಕೊನೆಯ ಅಕ್ಷರವನ್ನು ಒಮ್ಮೆಲೇ ಮೇಲಿನ ಸ್ಥಾಯಿಗೆ ಚಿಮ್ಮಿಸುವ ಚಾಳಿ ಆತನಿಗೆ ಕೆಲವು ವರ್ಷ ಅಂಟಿಕೊಂಡಿತ್ತು; ಅದಕ್ಕೆ ‘ಅಪ್‌ಸಿಂಗಿಂಗ್’ ಎಂದು ನಾಮಕರಣ ಮಾಡಿ, ಯಾವ ರಾತ್ರಿ ಹೆಚ್ಚು ಯಾವ ರಾತ್ರಿ ಕಡಿಮೆ ಎಂದು ತೂಗಿದರು. 2002ರ ಅಕ್ಟೋಬರಿನಲ್ಲಿ ಸಿಯಾಟಲಿನಲ್ಲಿ ಆತ ಗಿಟಾರ್ ಇಳಿಸಿ ಕೀಬೋರ್ಡಿನ ಹಿಂದೆ ನಿಂತ. ಬೆನ್ನುನೋವಂತೆ, ಬೆರಳುನೋವಂತೆ, ಬೇಸರವಂತೆ. ಕೀಬೋರ್ಡು ಕೇಳಿಸುವುದೇ ಇಲ್ಲ ಎಂದು ಮೊದಲೆರಡು ವರ್ಷ ದೂರು, ಕೇಳಿಸತೊಡಗಿದ ಮೇಲೆ ಯಾಕಾದರೂ ಕೇಳಿಸುತ್ತಿದೆಯೋ ಎಂದು ದೂರು.

ಹಾಡಿನ ಪಟ್ಟಿಯ ವಿಚಾರ ಇನ್ನೂ ಗೋಜಲು. ಮೊದಲೆಲ್ಲ ಆತ ರಾತ್ರಿಗೊಂದು ಪಟ್ಟಿ ಹಾಡುತ್ತಿದ್ದ. ಇವತ್ತು ಯಾವ ಹಾಡು ಬೀಳುತ್ತದೆಂದು ಮುಂಚೆಯೇ ಬರೆದಿಟ್ಟು, ಅಪರೂಪದ್ದಕ್ಕೆ ಹೆಚ್ಚು ಅಂಕ ಎಣಿಸುವ ಪಂದ್ಯವೇ ನಡೆಯುತ್ತಿತ್ತು, ದುಡ್ಡಿಲ್ಲದ ಮಟ್ಕಾ. ಆಗಿನ ಗೊಣಗಾಟ, ನಮಗೆ ಬೇಕಾದ್ದು ಯಾವತ್ತೂ ಪಕ್ಕದ ಊರಿನಲ್ಲೇ ಬೀಳುತ್ತದೆ ಎಂದು. 2013ರಲ್ಲಿ ಆತ ಒಂದೇ ಪಟ್ಟಿ ಹಿಡಿದು ಕೂತ, ದಿನಾ ಅದೇ, ಅದೇ ಕ್ರಮ. ಮಟ್ಕಾ ಬಾಗಿಲು ಹಾಕಿತು, ಬೇಜಾರು ಎಂದು ಗೊಣಗಿದರು. ಆ ನವೆಂಬರ್ 6 ಮತ್ತು 7ರಂದು ರೋಮಿನಲ್ಲಿ ಹೇಳದೆ ಕೇಳದೆ ಪೂರ್ತಿ ಬೇರೆ ಹಾಡುಗಳನ್ನು ಹಾಡಿದ. ಮುಂದಿನ ಊರಿಗೆ ಹೋಗುವಷ್ಟರಲ್ಲಿ ಮತ್ತೆ ಹಳೇ ಪಟ್ಟಿ. ಮಿಲಾನಿನಲ್ಲಿ ಕೇಳಿ, ರೋಮಿಗೂ ಅದೇ ತಾನೇ ಎಂದು ಮನೆಗೆ ಹೋದವರಿಗೆ ಇವತ್ತಿಗೂ ಇಟಲಿಯ ಹೆಸರೆತ್ತಬಾರದು.

2021ರ ನವೆಂಬರ್ 2ರಂದು ಮಿಲ್ವಾಕಿಯಲ್ಲಿ ಶುರುವಾದ ಪ್ರವಾಸಕ್ಕೂ ಹಾಗೆಯೇ ಬಹುತೇಕ ಸ್ಥಿರ ಪಟ್ಟಿ, 17 ಹಾಡು, ಅರ್ಧದಷ್ಟು ಹೊಸ ಆಲ್ಬಮ್ಮಿನವು. ಪೋಸ್ಟರಿನಲ್ಲಿ 2021–2024 ಎಂದು ಅಚ್ಚಾಗಿತ್ತು. ಪ್ರವಾಸಕ್ಕೆ ಒಂದು ಕೊನೆ ಎಂದು ಬರೆದದ್ದನ್ನು ನೋಡಿ ಶ್ಯಾನುಭೋಗರು ಹಳೆಯ ಅನುಭವದಿಂದ ನಕ್ಕರು. 2025ರ ಮಾರ್ಚಿನಲ್ಲಿ ಅದೇ ಹೆಸರಿನಲ್ಲಿ ಮತ್ತೆ ಹೊರಟಿತು. ನಡುವೆ, 2023ರ ಅಕ್ಟೋಬರಿನಲ್ಲಿ, ಆತ ಹೊಸ ಉಪದ್ರವ ತೆಗೆದ: ಊರಿಗೊಂದು ಹಾಡು. ಕಾನ್ಸಾಸ್ ಸಿಟಿಯಲ್ಲಿ ಆ ಊರಿನದೇ ಹಾಡು, ಸೇಂಟ್ ಲೂಯಿಸ್‌ನಲ್ಲಿ ಅಲ್ಲಿನವನಾದ ಚಕ್ ಬೆರಿಯದು, ಮಾಂಟ್ರಿಯಲ್‌ನಲ್ಲಿ ಲೆನರ್ಡ್ ಕೋಹೆನ್‌ನದು. ಮಟ್ಕಾ ಮತ್ತೆ ತೆರೆಯಿತು. ಮುಂದಿನ ಊರಿನಲ್ಲಿ ಹುಟ್ಟಿದವರು ಯಾರು, ಸತ್ತವರು ಯಾರು ಎಂದು ಜನನ ಮರಣ ನೋಂದಣಿಯ ಕೆಲಸ ಹತ್ತಿತು. ನಮ್ಮ ಶಿಲ್ಲಾಂಗಿನಲ್ಲಿ ಹಾಡುಗಾರ ಲೂ ಮಾಜಾವ್ 1972ರಿಂದ ಪ್ರತಿ ಮೇ 24ಕ್ಕೆ ಡಿಲನ್ನನ ಹುಟ್ಟುಹಬ್ಬದ ನೆಪದಲ್ಲಿ ಅವನ ಹಾಡು ಹಾಡುತ್ತ ಬಂದಿದ್ದಾರೆ. ಅದಕ್ಕೆ ಯಾರೂ ಕ್ರಮಸಂಖ್ಯೆ ಕೊಟ್ಟಂತಿಲ್ಲ, ಪುಣ್ಯಕ್ಕೆ.

ಈಗ ಸಭಾಂಗಣದ ಬಾಗಿಲಲ್ಲೇ ಫೋನನ್ನು ಆಯಸ್ಕಾಂತದ ಬೀಗದ ಚೀಲಕ್ಕೆ ಹಾಕಿಸುತ್ತಾರೆ. ಶ್ಯಾನುಭೋಗರು ಎದೆಗುಂದಿಲ್ಲ. 17 ಹಾಡಿನ ಹೆಸರು ಮೊದಲೇ ಅಚ್ಚು ಹಾಕಿದ ಹಾಳೆ, ಎದುರಿಗೆ ಗುರುತು ಹಾಕಲು ಚೌಕ, ಒಂದು ಮೋಟು ಪೆನ್ಸಿಲು, ಕತ್ತಲಲ್ಲಿ ಮಿನುಗುವ ಮುಳ್ಳಿನ ಕೈಗಡಿಯಾರ. ಯಾವುದೋ ಊರಿನಲ್ಲಿ ಒಂಬತ್ತನೆಯ ಹಾಡಿನ ಬಳಿಕ ಹಾಳೆಯಲ್ಲಿಲ್ಲದ ಒಂದು ಹಾಡು ಶುರುವಾಗುತ್ತದೆ. ಪೆನ್ಸಿಲು ತಡಕಾಡಿ ಅಂಚಿನ ಖಾಲಿ ಜಾಗದಲ್ಲಿ ಬರೆಯುತ್ತದೆ: ‘ಹೆಸರು ಖಾತ್ರಿಯಿಲ್ಲ. ಪ್ರಥಮ ಬಾರಿ? ಅವಧಿ 4 ನಿಮಿಷ 10 ಸೆಕೆಂಡ್.’ ಹೊರಗೆ ಮೆಟ್ಟಿಲಿಳಿಯುವಾಗ ಇನ್ನೊಬ್ಬ ತನ್ನ ಹಾಳೆ ತೋರಿಸುತ್ತಾನೆ, ಅದರಲ್ಲಿ 4 ನಿಮಿಷ 12. ಹಾಡು ಹೇಗಿತ್ತೆಂದು ಇಬ್ಬರೂ ಕೇಳಿಕೊಳ್ಳುವುದಿಲ್ಲ. ಯಾರೋ ಟೊಪ್ಪಿಯೊಳಗೆ ಮೈಕು ಇಟ್ಟು ಮುದ್ರಿಸಿಕೊಂಡದ್ದು ಮುಂದಿನ ವಾರ ಸಿಗುತ್ತದೆ, ಆದರೆ ಅದರ ವೇಗ ಸರಿಯಿದೆಯೋ ಇಲ್ಲವೋ ನೋಡುವುದು ಹೇಗೆ? ಆ ರಾತ್ರಿ ಆತ ಹಾರ್ಮೋನಿಕಾ ಜೇಬಿನಿಂದ ತೆಗೆಯಲೇ ಇಲ್ಲ. ವ್ಯಾಜ್ಯ ಬಾಕಿ ಇದೆ.